ಕೀಮೋ ನಡೆಯುತ್ತಿರುವಾಗ ಮೂಲಿಕೆ ಕ್ಯಾಪ್ಸೂಲ್, ಅಕ್ಯುಪಂಕ್ಚರ್, ಯೋಗ: ಯಾವುದು ಸರಿ, ಯಾವುದು ಬೇಡ?

ಕಿಟಕಿಪಕ್ಕ

ಅಮ್ಮನಿಗೆ ಸ್ತನ ಕ್ಯಾನ್ಸರ್. ಆಪರೇಷನ್ ಆಗಿದೆ. ಈಗ ವಾರಕ್ಕೊಮ್ಮೆ ಪ್ಯಾಕ್ಲಿಟಾಕ್ಸೆಲ್ ಅನ್ನುವ ಕೀಮೋ ಔಷಧಿ ಹಾಕುತ್ತಿದ್ದಾರೆ. ಅದು ಮುಗಿದ ಮೇಲೆ ರೇಡಿಯೇಷನ್, ಆಮೇಲೆ ಕೆಲವು ವರ್ಷ ಟ್ಯಾಮಾಕ್ಸಿಫೆನ್ ಅಥವಾ ಅಂಥದ್ದೇ ಬೇರೆ ಹಾರ್ಮೋನ್ ಮಾತ್ರೆ ಇರುತ್ತದೆ ಅಂದಿದ್ದಾರೆ. ಚಿಕಿತ್ಸೆ ಬಿಡುವ ಮಾತೇ ಇಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಇಂಥ ಪ್ರಶ್ನೆ ಕೇಳಿದ ತಕ್ಷಣ ಎಲ್ಲರೂ ಅದಕ್ಕೇ ಬೈಯೋಕೆ ಶುರು ಮಾಡುತ್ತಾರೆ.

ನನ್ನ ತಲೆನೋವು ಬೇರೆ. ನೋಡೋಕೆ ಬಂದವರೆಲ್ಲ ಏನಾದರೊಂದು ಡಬ್ಬಿ ಇಟ್ಟು ಹೋಗುತ್ತಾರೆ. ಚಿಕ್ಕಮ್ಮ ಅಶ್ವಗಂಧ ಕ್ಯಾಪ್ಸೂಲ್ ಕೊಟ್ಟಿದ್ದಾರೆ. ಇನ್ನೊಬ್ಬರದು ಕಾಳುಮೆಣಸಿನ ಸಾರ ಸೇರಿಸಿದ ಕರ್ಕ್ಯುಮಿನ್, ಅಂದರೆ ಅರಿಶಿನದ ಸಾರ, ಮತ್ತೊಬ್ಬರದು ಗ್ರೀನ್ ಟೀ ಸಾರದ ಮಾತ್ರೆ. ಅಮ್ಮನಿಗೆ ಬೆರಳ ತುದಿ ಜುಮ್ ಅನ್ನುತ್ತದೆ, ಬಟ್ಟೆಗೆ ಗುಂಡಿ ಹಾಕೋಕೂ ತಡಕಾಡುತ್ತಾರೆ. ಅದಕ್ಕೆ ಅಸಿಟೈಲ್ ಎಲ್-ಕಾರ್ನಿಟೀನ್ ಕೊಡಿ, ನರಕ್ಕೆ ಒಳ್ಳೇದು ಅಂತ ಪರಿಚಯದವರೊಬ್ಬರ ಸಲಹೆ. ವಾಂತಿ ಬಂದ ಹಾಗೆ ಆಗೋದಕ್ಕೆ ಅಕ್ಯುಪಂಕ್ಚರ್ ಮಾಡಿಸಿ ಅಂತ ಇನ್ಯಾರೋ.

ಡಾಕ್ಟರ್ ಹತ್ತಿರ ಕೇಳಿದೆ. ಕಂಪ್ಯೂಟರ್ ನೋಡುತ್ತಲೇ "ಏನೂ ತಗೋಬೇಡಿ" ಅಂದರು. ಯೋಗವೂ ಬೇಡವಾ ಅಂತ ಬಾಯಿ ಬಿಡುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು. ಈಗ ಅಮ್ಮ ಹೇಳೋದು, ಗಿಡಮೂಲಿಕೆ ತಾನೇ, ತಗೊಂಡ್ರೆ ಏನಾಗುತ್ತೆ, ಅವರಿಗೆ ಹೇಳೋದೇ ಬೇಡ ಅಂತ. ನನಗೆ ಎರಡೂ ಕಡೆ ಸಮಾಧಾನ ಇಲ್ಲ. ಗೊತ್ತಿರುವವರು ದಯವಿಟ್ಟು ಹೇಳಿ.

ಔಷಧಿಪೆಟ್ಟಿಗೆ

ನಾನು ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ನಿಮ್ಮ ಡಾಕ್ಟರ್ ಹೇಳಿದ್ದು ಅರ್ಧ ಸರಿ. ಆದರೆ ಕಾರಣ ಹೇಳದೆ ಬರೀ ಬೇಡ ಅಂದರೆ ಜನ ಕದ್ದು ತಗೊಳ್ಳುತ್ತಾರೆ, ಅದು ಇನ್ನೂ ಕೆಟ್ಟದ್ದು. ಹಾಗಾಗಿ ಕಾರಣ ನಾನು ಹೇಳುತ್ತೇನೆ.

ಮೊದಲು ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಬೇಡಿ. ನುಂಗುವುದು ಬೇರೆ, ನುಂಗದೇ ಇರುವುದು ಬೇರೆ. ಯೋಗ, ಉಸಿರಾಟ, ಧ್ಯಾನ, ಸಂಗೀತ, ಹಗುರವಾದ ಮಸಾಜ್, ಇವು ಯಾವುವೂ ಕೀಮೋ ಔಷಧಿಯ ಜೊತೆ ರಕ್ತದಲ್ಲಿ ಬೆರೆಯುವುದಿಲ್ಲ. ಕ್ಯಾಪ್ಸೂಲ್ ಬೆರೆಯುತ್ತದೆ. ನುಂಗಿದ್ದೆಲ್ಲ ಲಿವರ್ ದಾಟಿಕೊಂಡೇ ಹೋಗಬೇಕು, ಪ್ಯಾಕ್ಲಿಟಾಕ್ಸೆಲ್ಲನ್ನು ಒಡೆದು ಹೊರಗೆ ಹಾಕುವುದೂ ಅದೇ ಲಿವರ್. ಅಲ್ಲಿ ಸಿವೈಪಿ ಅನ್ನುವ ಕಿಣ್ವಗಳ ಗುಂಪಿದೆ. ಕೆಲವು ಮೂಲಿಕೆಗಳು ಆ ಕಿಣ್ವಗಳ ಕೆಲಸ ಜೋರು ಮಾಡುತ್ತವೆ, ಆಗ ಔಷಧಿ ಬೇಗ ಖಾಲಿಯಾಗಿ ಕೆಲಸ ಮಾಡೋದೇ ಇಲ್ಲ. ಕೆಲವು ತಡೆಯುತ್ತವೆ, ಆಗ ಔಷಧಿ ಮೈಯಲ್ಲಿ ಜಾಸ್ತಿ ಹೊತ್ತು ಉಳಿದು ಅಡ್ಡ ಪರಿಣಾಮ ಏರುತ್ತದೆ. ಹೊರಗಿನಿಂದ ನೋಡಿದರೆ ಎರಡೂ ಗೊತ್ತಾಗುವುದಿಲ್ಲ, ಅದೇ ತೊಂದರೆ. ಡೋಸ್ ಸರಿಯಾಗಿಯೇ ಹಾಕಿರುತ್ತಾರೆ, ಚಾರ್ಟಿನಲ್ಲೂ ಸರಿಯಾಗಿಯೇ ಬರೆದಿರುತ್ತದೆ.

ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ ಸೇಂಟ್ ಜಾನ್ಸ್ ವರ್ಟ್. ಮನಸ್ಸು ಕುಗ್ಗಿದ್ದಕ್ಕೆ ತಗೊಳ್ಳುವ ಮೂಲಿಕೆ ಅದು. ಅಂಗಾಂಗ ಕಸಿ ಮಾಡಿಸಿಕೊಂಡವರು ತಗೊಳ್ಳುವ ಸೈಕ್ಲೋಸ್ಪೊರಿನ್, ರಕ್ತ ತೆಳುವಾಗಿಸುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ, ಕ್ಯಾನ್ಸರ್ ಔಷಧಿಗಳಾದ ಇಮ್ಯಾಟಿನಿಬ್, ಐರಿನೊಟೆಕಾನ್, ಇಷ್ಟೂ ಔಷಧಿಗಳ ಮಟ್ಟವನ್ನು ಅದು ಇಳಿಸಿಬಿಡುತ್ತದೆ. ಖಿನ್ನತೆಯ ಮಾತ್ರೆಯ ಜೊತೆ ಸೇರಿದರೆ ಮೆದುಳಿನ ರಾಸಾಯನಿಕ ಸೆರೊಟೋನಿನ್ ವಿಪರೀತ ಏರುವ ಅಪಾಯವೂ ಇದೆ.

ಈಗ ನಿಮ್ಮ ಡಬ್ಬಿಗಳು. ಕರ್ಕ್ಯುಮಿನ್ ಮೈಗೆ ಹತ್ತುವುದೇ ಕಡಿಮೆ, ಅದಕ್ಕೇ ಪೈಪರೀನ್, ಅಂದರೆ ಮೆಣಸಿನ ಸಾರ, ಸೇರಿಸುತ್ತಾರೆ. ಆ ಪೈಪರೀನ್ ಕರ್ಕ್ಯುಮಿನ್ ಒಂದಕ್ಕೇ ಬಾಗಿಲು ತೆರೆಯುವುದಿಲ್ಲ, ಬೇರೆ ಔಷಧಿಗಳ ಮೇಲೂ ಕೈ ಹಾಕುತ್ತದೆ. 2019ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಟ್ಯಾಮಾಕ್ಸಿಫೆನ್ ತಗೊಳ್ಳುವವರಿಗೆ ಕರ್ಕ್ಯುಮಿನ್ ಕೊಟ್ಟಾಗ ಎಂಡಾಕ್ಸಿಫೆನ್ ಮಟ್ಟ ಇಳಿಯಿತು, ಪೈಪರೀನ್ ಸೇರಿಸಿದಾಗ ಇನ್ನಷ್ಟು ಇಳಿಯಿತು. ಟ್ಯಾಮಾಕ್ಸಿಫೆನ್ನಿಂದ ಮೈಯೊಳಗೆ ತಯಾರಾಗಿ ನಿಜವಾದ ಕೆಲಸ ಮಾಡುವುದು ಈ ಎಂಡಾಕ್ಸಿಫೆನ್ನೇ. ಹಾಗಾಗಿ ಕೀಮೋ ಮುಗೀತಲ್ಲ ಅಂತ ಆಮೇಲೆ ಶುರು ಮಾಡುವ ಹಾಗೂ ಇಲ್ಲ. ಊಟದಲ್ಲಿ ಸೇರುವ ಅರಿಶಿನದ ಮಾತಲ್ಲ ಇದು, ಕ್ಯಾಪ್ಸೂಲಿನ ಪ್ರಮಾಣವೇ ಬೇರೆ.

ಗ್ರೀನ್ ಟೀ ಕುಡಿಯುವುದೂ ಅದರ ಸಾರದ ಮಾತ್ರೆಯೂ ಒಂದೇ ಅಲ್ಲ. ಮಾತ್ರೆಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಅಂಶ) ಒಳಗೆ ಹೋದರೆ ಲಿವರ್ ಕಿಣ್ವಗಳು ಏರಬಹುದು ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲಿ ಹೇಳಿತು. ಅಶ್ವಗಂಧದಿಂದಲೂ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ. ಎಲ್ಲರಿಗೂ ಹಾಗಾಗುವುದಿಲ್ಲ. ಆದರೆ ಅಮ್ಮನ ಲಿವರ್ ರಿಪೋರ್ಟಿನಲ್ಲಿ ಲಿವರ್ ಕಿಣ್ವವಾದ ಎಎಲ್‌ಟಿ ಜಾಸ್ತಿ ಬಂದರೆ ಡಾಕ್ಟರ್ ಕೀಮೋವನ್ನು ಅನುಮಾನಿಸಿ ಡೋಸ್ ಇಳಿಸುತ್ತಾರೆ, ಇಲ್ಲ ಮುಂದಕ್ಕೆ ಹಾಕುತ್ತಾರೆ. ಡಬ್ಬಿಯ ವಿಷಯ ಅವರಿಗೆ ಗೊತ್ತೇ ಇಲ್ಲವಲ್ಲ.

ಇನ್ನು ಕಾರ್ನಿಟೀನ್. ಇದನ್ನು ಖಂಡಿತ ಕೊಡಬೇಡಿ. ಪ್ಯಾಕ್ಲಿಟಾಕ್ಸೆಲ್ ಗುಂಪಿನ ಔಷಧಿ ಪಡೆಯುತ್ತಿದ್ದ 409 ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಇದನ್ನು ಪರೀಕ್ಷಿಸಿ, 2013ರಲ್ಲಿ ಫಲಿತಾಂಶ ಕೊಟ್ಟರು. ಜುಮ್ ಅನ್ನುವುದು ಕಡಿಮೆ ಆಗುತ್ತದಾ ಅಂತ ನೋಡೋಕೆ ಹೊರಟಿದ್ದು. 24ನೇ ವಾರಕ್ಕೆ ನೋಡಿದರೆ ಕಾರ್ನಿಟೀನ್ ತಗೊಂಡವರಿಗೇ ನರದ ತೊಂದರೆ ಜಾಸ್ತಿ ಆಗಿತ್ತು. ಗುಂಡಿ ಹಾಕೋಕೆ ತಡಕಾಡುತ್ತಾರೆ ಅಂದಿರಲ್ಲ, ಆ ಮಾತನ್ನೇ ಇದ್ದ ಹಾಗೆ ಡಾಕ್ಟರಿಗೆ ಹೇಳಿ. ಬರೀ "ಕೈ ಸ್ವಲ್ಪ ಜುಮ್ ಅನ್ನುತ್ತೆ" ಅಂದರೆ ಅವರಿಗೆ ತೀವ್ರತೆ ಗೊತ್ತಾಗುವುದಿಲ್ಲ. ಡೋಸ್ ಬದಲಿಸಬೇಕಾ ಅಂತ ಅವರು ತೀರ್ಮಾನ ಮಾಡುವುದೇ ಇಂಥ ವಿವರ ಕೇಳಿ.

ಹಸಿರೆಲೆ

ಔಷಧಿಪೆಟ್ಟಿಗೆ ಸರ್, ಬರೆದಿದ್ದೆಲ್ಲ ಓದಿದೆ. ಆದರೂ ಒಂದು ಮಾತು ಕೇಳಲೇಬೇಕು. ಮೂಲಿಕೆ ಅಂದರೆ ಸಾಕು, ಆಸ್ಪತ್ರೆಯವರು ಮೂಗು ಮುರಿಯುತ್ತಾರೆ. ಆ ಪ್ಯಾಕ್ಲಿಟಾಕ್ಸೆಲ್ ಬಂದಿದ್ದೇ ಯೂ ಮರದ ತೊಗಟೆಯಿಂದ. ವಿನ್‌ಕ್ರಿಸ್ಟೀನ್ ನಿತ್ಯಪುಷ್ಪದ ಗಿಡದಿಂದ, ಅದೂ ಕ್ಯಾನ್ಸರ್ ಔಷಧಿಯೇ. ಮಲೇರಿಯಾದ ಆರ್ಟೆಮಿಸಿನಿನ್ ಕಂಡುಹಿಡಿದ ತು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು, ಅವರು ಹುಡುಕಿದ್ದು ಚೀನಾದ ಹಳೆಯ ವೈದ್ಯ ಗ್ರಂಥಗಳಲ್ಲಿ. ಹಾಗಿದ್ದ ಮೇಲೆ ಗಿಡದ ಔಷಧಿ ಅಂದರೆ ಯಾಕಿಷ್ಟು ಭಯ?

ಇನ್ನೊಂದು. ಕಿಟಕಿಪಕ್ಕ ಅವರ ಡಾಕ್ಟರ್ ಮುಖ ಎತ್ತಿ ನೋಡಲಿಲ್ಲ. ನಾನು ತೋರಿಸಿಕೊಳ್ಳುವ ಮೂಲಿಕೆ ವೈದ್ಯರು ಮುಕ್ಕಾಲು ಗಂಟೆ ಕೂರಿಸಿ ಕೇಳುತ್ತಾರೆ. ನಿದ್ದೆ ಹೇಗಿದೆ, ಯಾವ ಹೊತ್ತಿಗೆ ಸುಸ್ತು, ಯಾರ ಮೇಲೆ ಸಿಟ್ಟು ಬರುತ್ತದೆ, ಎಲ್ಲಾ. ಜನ ಅಲ್ಲಿಗೆ ಸುಮ್ನೆ ಹೋಗುವುದಿಲ್ಲ ಸರ್.

ಔಷಧಿಪೆಟ್ಟಿಗೆ

ಎರಡನೇ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ನೀವು ಹೇಳಿದ್ದು ನಿಜ.

ಮೊದಲನೇದಕ್ಕೆ ಇದೆ. ಪ್ಯಾಕ್ಲಿಟಾಕ್ಸೆಲ್ ಮರದಿಂದ ಬಂತು, ಹೌದು. ಆದರೆ ಅದನ್ನು ಬೇರ್ಪಡಿಸಿ, ಶುದ್ಧ ಮಾಡಿ, ಮೈಯ ಮೇಲ್ಮೈ ವಿಸ್ತೀರ್ಣಕ್ಕೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ ಹಾಕಿ ಕೊಡುತ್ತೇವೆ. ಅಲರ್ಜಿ ಆಗಬಾರದು ಅಂತ ಅದಕ್ಕೆ ಮೊದಲೇ ಬೇರೆ ಔಷಧಿ ಕೊಡುತ್ತೇವೆ. ಯಾರೂ ತೊಗಟೆ ಕುದಿಸಿ ಕುಡಿಯಿರಿ ಅನ್ನುವುದಿಲ್ಲ, ಯೂ ಗಿಡವೇ ವಿಷ. ಗಿಡದಲ್ಲಿ ಶಕ್ತಿ ಇದೆ ಅನ್ನುವುದನ್ನು ನಾನೂ ಒಪ್ಪುತ್ತೇನೆ, ಶಕ್ತಿ ಇರುವುದಕ್ಕೇ ಜೊತೆಗಿರುವ ಔಷಧಿಯ ಮೇಲೂ ಅದು ಪರಿಣಾಮ ಮಾಡುತ್ತದೆ ಅನ್ನುವುದಷ್ಟೇ ನನ್ನ ವಾದ. ಬೆಲ್ಜಿಯಂನಲ್ಲಿ 1990ರ ದಶಕದ ಶುರುವಿನಲ್ಲಿ ತೂಕ ಇಳಿಸುವ ಮಾತ್ರೆ ತಗೊಂಡ ಹೆಂಗಸರಲ್ಲಿ ಒಬ್ಬರಾದ ಮೇಲೆ ಒಬ್ಬರಿಗೆ ಕಿಡ್ನಿ ಹೋಯಿತು. ಮಾತ್ರೆಯಲ್ಲಿ ಒಂದು ಮೂಲಿಕೆಯ ಬದಲು ಅರಿಸ್ಟೊಲೋಕಿಯಾ ಜಾತಿಯ ಮೂಲಿಕೆ ಸೇರಿಕೊಂಡಿತ್ತು. ಆಮೇಲೆ ಅವರಲ್ಲಿ ಕೆಲವರಿಗೆ ಮೂತ್ರನಾಳದ ಕ್ಯಾನ್ಸರ್ ಕೂಡ ಬಂತು. ಯಾರೂ ಬೇಕಂತ ಮಾಡಿದ್ದಲ್ಲ ಅದು.

ಒಂದು ಕೆಲಸ ಮಾಡಿ, ಡಬ್ಬಿ ತಿರುಗಿಸಿ ಹಿಂದಿನ ಚೀಟಿ ಓದಿ. ಎಂಟು ಹತ್ತು ಮೂಲಿಕೆಯ ಹೆಸರು ಒಂದರ ಕೆಳಗೊಂದು ಇರುತ್ತದೆ, ಕೆಳಗೆ ಎಲ್ಲಾ ಸೇರಿ 500 ಮಿಲಿಗ್ರಾಂ ಅಂತ ಒಂದೇ ಅಂಕಿ. ಯಾವುದು ಎಷ್ಟು ಅಂತ ಇರುವುದಿಲ್ಲ. ಅಂಥದ್ದನ್ನು ತಂದು ಇದು ನಡೆಯುತ್ತದಾ ಅಂತ ಕೇಳಿದರೆ ನಾನಾದರೂ ಏನು ಹೇಳಲಿ?

ಲೆಕ್ಕದವನು

ಇಲ್ಲಿ ಒಂದು ಅಧ್ಯಯನದ ಮಾತು ಬರಲೇಬೇಕು, ಯಾಕಂದ್ರೆ ಅದನ್ನು ಎರಡೂ ಪಕ್ಷದವರು ತಮಗೆ ಬೇಕಾದ ಹಾಗೆ ಎಳೆದಾಡುತ್ತಾರೆ. ಯೇಲ್ ವಿಶ್ವವಿದ್ಯಾಲಯದ ತಂಡ 2018ರಲ್ಲಿ ಜಾಮಾ ಆಂಕಾಲಜಿ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಮಾಮೂಲಿ ಕ್ಯಾನ್ಸರ್ ಚಿಕಿತ್ಸೆಯ ಜೊತೆಗೆ ಪೂರಕ ಚಿಕಿತ್ಸೆಯನ್ನೂ ಪಡೆದ 258 ಜನ ಒಂದು ಕಡೆ, ಅದನ್ನು ಪಡೆಯದ 1,032 ಜನ ಇನ್ನೊಂದು ಕಡೆ. ಪೂರಕ ಚಿಕಿತ್ಸೆ ಪಡೆದವರಲ್ಲಿ ಸಾವಿನ ಅಪಾಯ ಸುಮಾರು ಎರಡು ಪಟ್ಟು ಕಂಡಿತು. ಪತ್ರಿಕೆಗಳ ತಲೆಬರಹಕ್ಕೆ ಇಷ್ಟು ಸಾಕಾಯಿತು.

ಒಳಗೆ ಓದಿದರೆ ಕಥೆ ಬೇರೆ. ಆ 258 ಜನ ಎಲ್ಲರೂ ಆಸ್ಪತ್ರೆಯ ಚಿಕಿತ್ಸೆಯಲ್ಲಿ ಒಂದನ್ನಾದರೂ ಪಡೆದಿದ್ದರು, ಆದರೆ ಉಳಿದದ್ದನ್ನು ಬೇಡ ಅಂದವರು ಅವರಲ್ಲಿ ಬಹಳ. ಕೀಮೋ ನಿರಾಕರಿಸಿದವರು 34.1%, ಇನ್ನೊಂದು ಗುಂಪಿನಲ್ಲಿ 3.2%. ರೇಡಿಯೇಷನ್ ಬೇಡ ಅಂದವರು 53%, ಆ ಕಡೆ 2.3%. ಹಾರ್ಮೋನ್ ಚಿಕಿತ್ಸೆಯಲ್ಲೂ ಅದೇ ಕಥೆ. ಈ ನಿರಾಕರಣೆಯನ್ನು ಲೆಕ್ಕಕ್ಕೆ ಹಿಡಿದ ಮೇಲೆ ಎರಡು ಗುಂಪಿನ ನಡುವೆ ಖಚಿತವಾಗಿ ಹೇಳುವಂಥ ವ್ಯತ್ಯಾಸ ಉಳಿಯಲಿಲ್ಲ. ಅಂದರೆ ಯೋಗ ಮಾಡಿದ್ದಕ್ಕೆ ಯಾರೂ ಸಾಯಲಿಲ್ಲ. ಯೋಗವೋ ಮೂಲಿಕೆಯೋ ಇದೆಯಲ್ಲ, ರೇಡಿಯೇಷನ್ ಯಾಕೆ ಅಂತ ಬಿಟ್ಟವರ ಲೆಕ್ಕ ಅದು. ಆಸ್ಪತ್ರೆಯ ಚಿಕಿತ್ಸೆಯೇ ಬೇಡ ಅಂತ ಬರೀ ಪರ್ಯಾಯ ಚಿಕಿತ್ಸೆಗೆ ಹೋದವರ ಬಗ್ಗೆ ಅದೇ ತಂಡದ ಇನ್ನೊಂದು ಲೇಖನ ಇದೆ, ಅಲ್ಲಿ ಸಾವಿನ ಅಪಾಯ 2.5 ಪಟ್ಟು.

ನನಗೆ ಹೆದರಿಕೆ ಇರುವುದು ಇಂಥ ಕಡೆ. ಮೊದಲು ಕೀಮೋ ಜೊತೆಗೆ ಒಂದು ಕ್ಯಾಪ್ಸೂಲ್. ಆಮೇಲೆ ಸುಸ್ತು ಜಾಸ್ತಿ ಅಂತ ಒಂದು ಕೀಮೋ ತಪ್ಪಿಸಿದ್ದು. ಆಮೇಲೆ ಮೂಲಿಕೆ ಕೊಟ್ಟವರು "ಈಗ ಚೆನ್ನಾಗಿದ್ದೀರಲ್ಲ" ಅನ್ನುತ್ತಾರೆ. ಹಸಿರೆಲೆ ಅವರೇ, ನಿಮ್ಮ ವೈದ್ಯರ ಬಗ್ಗೆ ಹೇಳುತ್ತಿಲ್ಲ. ಆದರೆ ಯಾರಾದರೂ ಕೀಮೋ ಬಿಟ್ಟರೆ ಮಾತ್ರ ನನ್ನ ಔಷಧಿ ಹತ್ತುತ್ತದೆ ಅಂದರೆ ಅವರು ಎಷ್ಟು ಗಂಟೆ ಕೂರಿಸಿ ಕೇಳಿದರೂ ಅಲ್ಲಿಂದ ಎದ್ದು ಬನ್ನಿ.

ಹಸಿರೆಲೆ

ನನ್ನ ವೈದ್ಯರು ಹಾಗೆ ಅಂದಿಲ್ಲ. ಆಸ್ಪತ್ರೆಯ ಪೇಪರ್ ನೋಡದೆ ಔಷಧಿ ಕೊಡುವುದಿಲ್ಲ ಅನ್ನುತ್ತಾರೆ. ಆದರೆ ಪೂರಕವನ್ನೂ ಪರ್ಯಾಯವನ್ನೂ ಒಂದೇ ಬುಟ್ಟಿಗೆ ಹಾಕಿ ಬೈಯುವುದು ನಿಲ್ಲಲಿ, ನಾನು ಕೇಳಿದ್ದು ಅಷ್ಟೇ. ಲೆಕ್ಕ ಬಿಡಿಸಿ ಹೇಳಿದ್ದು ಒಳ್ಳೇದಾಯಿತು.

ರಾತ್ರಿಪಾಳಿ

ಕ್ಯಾನ್ಸರ್ ವಾರ್ಡಿನಲ್ಲಿ ನರ್ಸ್ ನಾನು. ಎಲ್ಲರೂ ಕ್ಯಾಪ್ಸೂಲ್ ಬಗ್ಗೆಯೇ ಬರೆದಿರಿ, ಉಳಿದದ್ದು ನಾನು ಬರೆಯುತ್ತೇನೆ. ಈ ನುಂಗದ ಚಿಕಿತ್ಸೆಗಳಲ್ಲಿ ನಿಜಕ್ಕೂ ಉಪಯೋಗ ಇದೆ, ಅದನ್ನು ಹೇಳದೆ ಬರೀ ಬೇಡ ಬೇಡ ಅಂದರೆ ರೋಗಿಗೆ ಅನ್ಯಾಯ.

ಸುಸ್ತಿಗೆ ವ್ಯಾಯಾಮಕ್ಕಿಂತ ಒಳ್ಳೆಯ ಮಾತ್ರೆ ನಮ್ಮ ಹತ್ತಿರ ಇಲ್ಲ. ಕೇಳೋಕೆ ತಮಾಷೆ ಅನ್ನಿಸುತ್ತದೆ, ಸುಸ್ತಾದವರಿಗೆ ನಡೆಯಿರಿ ಅನ್ನುವುದು. ಆದರೆ ಅಮೆರಿಕದ ಕ್ಯಾನ್ಸರ್ ವೈದ್ಯರ ಸಂಘವೂ ಪೂರಕ ಚಿಕಿತ್ಸೆಯವರ ಸಂಘವೂ ಸೇರಿ 2024ರಲ್ಲಿ ಸುಸ್ತಿನ ಬಗ್ಗೆ ಕೊಟ್ಟ ಸಲಹೆಯಲ್ಲೂ ವ್ಯಾಯಾಮ ಮುಂದಿದೆ. ಯೋಗಕ್ಕೂ, ಮನಸ್ಸನ್ನು ಒಂದು ಕಡೆ ನಿಲ್ಲಿಸುವ ಅಭ್ಯಾಸಗಳಿಗೂ ಅದರಲ್ಲಿ ಜಾಗ ಇದೆ. ಮೆತ್ತಗಿನ ಆಸನ, ಉಸಿರಾಟ ಸಾಕು. ತಲೆ ಕೆಳಗೆ ಮಾಡುವುದು, ಆಪರೇಷನ್ ಆದ ಕಡೆಯ ತೋಳಿನ ಮೇಲೆ ಭಾರ ಹಾಕುವುದು ಈಗ ಬೇಡ.

ಅಕ್ಯುಪಂಕ್ಚರ್ ಬಗ್ಗೆ. ಅರೊಮಾಟೇಸ್ (ಮೈಯಲ್ಲಿ ಈಸ್ಟ್ರೊಜೆನ್ ತಯಾರಿಸುವ ಕಿಣ್ವ) ತಡೆಯುವ ಹಾರ್ಮೋನ್ ಮಾತ್ರೆಗಳಿಂದ ಕೀಲು ನೋವು ಬರುತ್ತದೆ, ಎಷ್ಟೋ ಜನ ಅದಕ್ಕೇ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅಂಥ 226 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ, 2018ರಲ್ಲಿ ಪ್ರಕಟವಾಗಿದ್ದು, ಅಕ್ಯುಪಂಕ್ಚರ್‌ನಿಂದ ನೋವು ಸ್ವಲ್ಪ ಕಡಿಮೆ ಆಯಿತು. ಸ್ವಲ್ಪ ಅಂದರೆ ಸ್ವಲ್ಪವೇ, ಪವಾಡ ಅಲ್ಲ. ಆದರೆ ಆ ಸ್ವಲ್ಪದಿಂದ ಮಾತ್ರೆ ಮುಂದುವರಿದರೆ ಲಾಭ ದೊಡ್ಡದು, ಅಲ್ವಾ? ಅಮ್ಮನಿಗೆ ಅಂಥ ಮಾತ್ರೆ ಕೊಟ್ಟರೆ ಇದನ್ನು ನೆನಪಿಡಿ. ಈಗ ಕೀಮೋ ಸಮಯದಲ್ಲಿ ಸೂಜಿ ಹಾಕಿಸುವುದಾದರೆ ಅದೇ ವಾರದ ರಕ್ತ ಪರೀಕ್ಷೆ ನೋಡಿಕೊಂಡೇ ಹೋಗಬೇಕು. ಬಿಳಿ ರಕ್ತಕಣ ತೀರಾ ಇಳಿದಿದ್ದರೆ ಸೋಂಕಿನ ಭಯ, ಪ್ಲೇಟ್‌ಲೆಟ್ ಇಳಿದಿದ್ದರೆ ರಕ್ತ ಒಸರುವ ಭಯ. ಒಮ್ಮೆ ಬಳಸಿ ಬಿಸಾಡುವ ಸೂಜಿಯೇ ಇರಬೇಕು. ಕಂಕುಳಿನ ಗಂಟು ತೆಗೆದಿದ್ದರೆ ಆ ಕಡೆಯ ತೋಳಿಗೆ ಬೇಡ ಅಂತ ಮೊದಲೇ ಹೇಳಿ.

ಮಸಾಜ್ ಹಗುರವಾಗಿ ಮಾಡಿದರೆ ಚಿಂತೆ ಇಲ್ಲ, ರಾತ್ರಿ ನಿದ್ದೆ ಬಾರದವರ ಪಾದಕ್ಕೆ ಸ್ವಲ್ಪ ಹೊತ್ತು ಮಾಡಿದರೆ ಎಷ್ಟು ಹಾಯ್ ಅನ್ನಿಸುತ್ತದೆ ಅಂತ ನಾನೇ ನೋಡಿದ್ದೇನೆ. ಪೋರ್ಟ್ (ಕೀಮೋ ಹಾಕೋಕೆ ಚರ್ಮದಡಿ ಕೂರಿಸುವ ಸಾಧನ) ಇರುವ ಜಾಗ, ಗೆಡ್ಡೆ ಇದ್ದ ಜಾಗ, ರೇಡಿಯೇಷನ್ ಬೀಳುತ್ತಿರುವ ಚರ್ಮ ಮುಟ್ಟಬಾರದು. ಒಂದೇ ಕಾಲು ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಉಜ್ಜಬೇಡಿ. ರಕ್ತ ಹೆಪ್ಪುಗಟ್ಟಿರಬಹುದು, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ರೇಡಿಯೇಷನ್ ಶುರುವಾಗುವಾಗ ಯಾರೋ ವಿಟಮಿನ್ ಇ ಜಾಸ್ತಿ ಡೋಸ್ ತಂದುಕೊಡುತ್ತಾರೆ, ಈಗಲೇ ಹೇಳಿರುತ್ತೇನೆ. ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 540 ರೋಗಿಗಳ ಮೇಲೆ ವಿಟಮಿನ್ ಇ, ಬೀಟಾ ಕ್ಯಾರೊಟಿನ್ ಪರೀಕ್ಷಿಸಿದ್ದರು, 2005ರಲ್ಲಿ ಬಂದ ವರದಿ. ಅಡ್ಡ ಪರಿಣಾಮ ಕಡಿಮೆಯಾಯಿತು, ಸರಿ. ಆದರೆ ಕ್ಯಾನ್ಸರ್ ಅದೇ ಜಾಗಕ್ಕೆ ಮರಳಿ ಬರುವುದು ಆ ಮಾತ್ರೆ ತಗೊಂಡವರಲ್ಲೇ ಜಾಸ್ತಿ ಇರುವ ಹಾಗೆ ಕಂಡಿತು. ಉರಿಯಿಂದ ಒಳ್ಳೆಯ ಕೋಶವನ್ನು ಕಾಪಾಡುವುದು ಕೆಟ್ಟ ಕೋಶವನ್ನೂ ಕಾಪಾಡಬಹುದು ಅನ್ನುವ ಅನುಮಾನ ಇರುವುದು ಇದಕ್ಕೇ.

ಕಿಟಕಿಪಕ್ಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕಾರ್ನಿಟೀನ್ ವಿಷಯ ಅಮ್ಮನಿಗೆ ಓದಿ ಹೇಳಿದೆ. ಸುಮ್ಮನೆ ಕೇಳಿಸಿಕೊಂಡು "ಹಾಗಾದ್ರೆ ಇದೆಲ್ಲಾ ಒಳಗಿಡು" ಅಂದರು. ಚಿಕ್ಕಮ್ಮನಿಗೆ ಮಾತ್ರ ತಗೋತಿದ್ದೀನಿ ಅಂತಲೇ ಹೇಳು ಅಂದಿದ್ದಾರೆ, ಅವರಿಗೆ ಬೇಜಾರಾಗಬಾರದಂತೆ.

ಇನ್ನೂ ಎರಡು ಪ್ರಶ್ನೆ. ಒಂದು, ಡಾಕ್ಟರ್ ಮತ್ತೆ "ಏನೂ ಬೇಡ" ಅಂದರೆ ಹೇಗೆ ಕೇಳೋದು? ಎರಡು, ಕೂದಲು ಬರೋಕೆ ಅಂತ ಬಯೋಟಿನ್ ಮಾತ್ರೆ ಮೊದಲಿನಿಂದ ತಗೊಳ್ಳುತ್ತಿದ್ದಾರೆ. ಅದು ಬರೀ ವಿಟಮಿನ್ ಅಲ್ವಾ?

ಔಷಧಿಪೆಟ್ಟಿಗೆ

ಬಯೋಟಿನ್ ಕೀಮೋಗೆ ಅಡ್ಡ ಬರುತ್ತದೆ ಅಂತಲ್ಲ, ಅದರ ಕಾಟ ಲ್ಯಾಬಿನಲ್ಲಿ. ಎಷ್ಟೋ ರಕ್ತ ಪರೀಕ್ಷೆಗಳ ಯಂತ್ರದೊಳಗೇ ಬಯೋಟಿನ್ ಬಳಸುತ್ತಾರೆ. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಥೈರಾಯ್ಡ್ ಅಂಕಿ ತಪ್ಪು ಬರಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೊಪೊನಿನ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ತಗೊಳ್ಳುತ್ತಿರುವುದನ್ನು ಡಾಕ್ಟರಿಗೂ ಲ್ಯಾಬಿನವರಿಗೂ ಹೇಳಿ. ಕೀಮೋದಿಂದ ಉದುರಿದ ಕೂದಲು ಅದರಿಂದ ಬೇಗ ಬರುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವೂ ಇಲ್ಲ.

ಡಾಕ್ಟರ್ ಹತ್ತಿರ "ಇದು ತಗೋಬಹುದಾ" ಅಂತ ಕೇಳಬೇಡಿ, ಆ ಪ್ರಶ್ನೆಗೆ ಬೇಡ ಅನ್ನುವುದೇ ಸುಲಭ. ಎಲ್ಲಾ ಡಬ್ಬಿಗಳ ಮುಂದಿನ, ಹಿಂದಿನ ಚೀಟಿಯ ಫೋಟೊ ತೆಗೆದುಕೊಂಡು ಹೋಗಿ. "ಇವು ಮನೆಯಲ್ಲಿವೆ, ಇದರಲ್ಲಿ ಈ ಔಷಧಿಗೆ ಯಾವುದು ಅಡ್ಡ ಬರುತ್ತದೆ" ಅಂತ ಕೇಳಿ. ಯೋಗ, ಮಸಾಜ್ ಬೇರೆಯಾಗಿ ಕೇಳಿ. ಅವರಿಗೆ ಸಮಯ ಇಲ್ಲದಿದ್ದರೆ ಕೀಮೋ ವಾರ್ಡಿನ ಫಾರ್ಮಸಿಸ್ಟ್ ಹತ್ತಿರ ಹೋಗಿ, ನಮ್ಮ ಕೆಲಸವೇ ಅದು. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆ ಮೂಲಿಕೆಗಳ ಬಗ್ಗೆ ಎಲ್ಲರಿಗೂ ತೆರೆದಿಟ್ಟ ಮಾಹಿತಿ ಕೋಶ ನಡೆಸುತ್ತದೆ. ಒಂದೊಂದು ಮೂಲಿಕೆಗೂ ಯಾವ ಔಷಧಿಯ ಜೊತೆ ಜಗಳ ಅಂತ ಅದರಲ್ಲಿದೆ, ನಾನೂ ದಿನಾ ಅದನ್ನೇ ನೋಡುತ್ತೇನೆ. ಮುಂದೆ ಯಾವುದಾದರೂ ಆಪರೇಷನ್ ಇದ್ದರೆ ಮೂಲಿಕೆ ಕ್ಯಾಪ್ಸೂಲ್ ಎರಡು ವಾರ ಮೊದಲೇ ನಿಲ್ಲಿಸಬೇಕು. ಗಿಂಕೊ ಅನ್ನುವ ಮೂಲಿಕೆ, ಬೆಳ್ಳುಳ್ಳಿ ಸಾರದಂಥವು ರಕ್ತಸ್ರಾವ ಜಾಸ್ತಿ ಮಾಡಬಹುದು.

ಚಿಕ್ಕಮ್ಮನಿಗೆ ಏನು ಹೇಳಬೇಕೋ ಅದು ನಿಮಗೆ ಬಿಟ್ಟಿದ್ದು. ಆದರೆ ಅಮ್ಮನನ್ನು ಅಚಾನಕ್ಕಾಗಿ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದು, ಜೊತೆಗೆ ಚಿಕ್ಕಮ್ಮ ಇದ್ದರೆ, ಅವರು ಡ್ಯೂಟಿ ಡಾಕ್ಟರಿಗೆ ಅಶ್ವಗಂಧ ತಗೋತಿದ್ದಾಳೆ ಅಂತಲೇ ಹೇಳುತ್ತಾರೆ, ನೋಡಿಕೊಳ್ಳಿ.

ರಾತ್ರಿಪಾಳಿ

ವಾಂತಿಯ ಸಂಕಟಕ್ಕೆ ಕೇಳಿದ್ದಿರಿ, ಮರೆತಿದ್ದೆ. ಆಸ್ಪತ್ರೆ ಕೊಟ್ಟ ವಾಂತಿ ಮಾತ್ರೆಯನ್ನು ಹೊತ್ತಿಗೆ ಸರಿಯಾಗಿ ಕೊಡಿ, ಅದರ ಜೊತೆಗೆ ಇದು. ಅಂಗೈ ಮೇಲ್ಮುಖವಾಗಿ ಇಡಿಸಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಅಮ್ಮನದೇ ಮೂರು ಬೆರಳಿನ ಅಗಲದಷ್ಟು ಮೇಲೆ, ನಡುವೆ ಎರಡು ನರದ ಹಾಗೆ ಗಟ್ಟಿ ಹುರಿ ಕೈಗೆ ಸಿಗುತ್ತವೆ. ಅವುಗಳ ಮಧ್ಯದ ತಗ್ಗಿನಲ್ಲಿ ಹೆಬ್ಬೆರಳಿಂದ ಒತ್ತಿ ಹಿಡಿಯುವುದು, ಎರಡು ಮೂರು ನಿಮಿಷ. ಪಿ6 ಅನ್ನುತ್ತಾರೆ ಆ ಜಾಗಕ್ಕೆ. ಆಪರೇಷನ್ ಆದ ಮೇಲಿನ ವಾಂತಿಗೆ ಇದರಿಂದ ಅನುಕೂಲ ಅಂತ ಒಳ್ಳೆಯ ಪುರಾವೆ ಇದೆ. ಕೀಮೋದಲ್ಲಿ ಫಲ ಅಷ್ಟು ಖಚಿತ ಅಲ್ಲ, ಆದರೆ ಕಳೆದುಕೊಳ್ಳುವುದೇನೂ ಇಲ್ಲ. ಅಲ್ಲಿಗೇ ಒತ್ತುವ ಗುಂಡಿ ಇರುವ ಬ್ಯಾಂಡ್ ಕೂಡ ಸಿಗುತ್ತದೆ. ಕಟ್ಟುವುದಾದರೆ ಆಪರೇಷನ್ ಆಗದ ಕಡೆಯ ಕೈಗೆ ಕಟ್ಟಿ, ಬೆರಳು ಜುಮ್ ಅನ್ನುವುದು ಜಾಸ್ತಿ ಆದರೆ ಬಿಚ್ಚಿಡಿ.